ಕೆಂಚರಸನ ಬಿಕ್ಕಳಿಕೆ

ಹೊಳೆಬಾಗಿಲಿನ ಅರಸ ಕೆಂಚರಸನಿಗೆ ಊಟದ ನಡುವೆ ಬಿಕ್ಕಳಿಕೆ ಹತ್ತಿತು. ನೀರು ಕುಡಿದರೂ ನಿಲ್ಲಲಿಲ್ಲ, ಉಸಿರು ಬಿಗಿಹಿಡಿದರೂ ನಿಲ್ಲಲಿಲ್ಲ.

"ಯಾರೋ ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದಾರೆ," ಎಂದಳು ರಾಣಿ. "ಅವರ ಹೆಸರು ಹೇಳಿದರೆ ನಿಂತುಹೋಗುತ್ತದೆ."

"ನನ್ನಂಥವನನ್ನು... ಹಿಕ್... ನೆನೆಯುವವನು ದೇವರೇ!" ಎಂದು ಅರಸ ಬೀಗಿದ. ಜಂಬ ಅವನ ಹುಟ್ಟುಗುಣ. "ಯಾವ ದೇವರು ಅಂತ ಇವತ್ತೇ ಗೊತ್ತಾಗಲಿ. ಯಾರ ಹೆಸರಿಗೆ ಬಿಕ್ಕಳಿಕೆ ನಿಲ್ಲುತ್ತದೋ, ನಾಡಿಗೆಲ್ಲ ಅವರದೇ ಪೂಜೆ. ಉಳಿದವರ ಬಾಗಿಲಿಗೆ ಬೀಗ!"

ದೇವಸ್ಥಾನದ ಅರ್ಚಕ ಉಡುಪರು, ಮಸೀದಿಯ ಮೌಲವಿ ಹಸನಬ್ಬ, ಇಗರ್ಜಿಯ ಮಿಂಗೆಲ್ ಪಾದ್ರಿ, ಮೂವರನ್ನೂ ಕರೆತಂದರು. ಮೂವರೂ ತಂತಮ್ಮ ರೀತಿಯಲ್ಲಿ ಪ್ರಾರ್ಥಿಸಿದರು.

ಹಿಕ್.

ಅರಸ ಪಾದ್ರಿಗೆ ಗಾಳ ಹಾಕಿದ. "ಪಾದ್ರಿಗಳೇ, ಇವರಿಬ್ಬರದೂ ಬರೀ ಸುಳ್ಳು ಅಂದುಬಿಡಿ. ನಿಮ್ಮ ಇಗರ್ಜಿ... ಹಿಕ್... ಉಳಿಯುತ್ತದೆ."

"ಯೇಸುಸ್ವಾಮಿಯೇ ದಾರಿ ಎಂಬ ಮಾತನ್ನು ನಾನು ಬಿಡುವವನಲ್ಲ, ಪ್ರಭು," ಎಂದರು ಪಾದ್ರಿ. "ಆದರೆ ಇವರ ಭಕ್ತಿಯಲ್ಲಿರುವ ಸತ್ಯವನ್ನು, ಪವಿತ್ರವಾದದ್ದನ್ನು ತಳ್ಳಿಹಾಕುವವನೂ ಅಲ್ಲ. ಸಂಜೆಯಾದರೆ ಮೂವರೂ ಕೂತು ವಾದ ಮಾಡುತ್ತೇವೆ, ಉಡುಪರ ಮನೆಯ ಹಲಸಿನ ಹಪ್ಪಳ ತಿನ್ನುತ್ತೇವೆ. ಬೀಗ ಹಾಕುವುದಾದರೆ ಮೊದಲು ನನ್ನದಕ್ಕೇ ಹಾಕಿ."

"ಹಾಗಾದರೆ ಎಲ್ಲಕ್ಕೂ ಬೀಗ! ಲಾದ್ರು, ಬೀಗ ತಗೊಂಡು ಬಾ!"

ಲಾದ್ರು ಆಸ್ಥಾನದ ವಿದೂಷಕ. ಮರುದಿನ ಬೆಳಿಗ್ಗೆ ಅದೇ ಇಗರ್ಜಿಯಲ್ಲಿ ಅವನ ಮಗಳ ಮದುವೆ. ಪಾಪ, ಹಂದಿ ಸಾರಿಗೆ ಮಸಾಲೆ ಕೂಡ ಅರೆದಾಗಿತ್ತು. ಹೊರಗೆ ಹೋದವನು ಬರಿಗೈಯಲ್ಲಿ ಏದುಸಿರು ಬಿಡುತ್ತ ಓಡಿಬಂದ.

"ಪ್ರಭು! ನಿಮ್ಮ ಅತ್ತೆಯವರ ಪಲ್ಲಕ್ಕಿ ಬಂತು! ಹಿಂದೆ ಒಂದು ಗಾಡಿ ತುಂಬ ಪೆಟ್ಟಿಗೆ! ಮಳೆಗಾಲ ಮುಗಿಯುವವರೆಗೆ ಇಲ್ಲೇ ಇರುತ್ತಾರಂತೆ!"

ಅರಸನ ಮುಖ ಬಿಳಿಚಿಕೊಂಡಿತು. ಎಲ್ಲರೂ ಕಿವಿಗೊಟ್ಟರು. ಹಿಕ್ ಇಲ್ಲ.

"ನಿಂತೇಬಿಟ್ಟಿತು!" ಲಾದ್ರು ಕೈಮುಗಿದ. "ನೆನೆಸಿಕೊಂಡವರು ಅತ್ತೆಯವರೇ. ನಿಮ್ಮ ಅಪ್ಪಣೆಯಂತೆ ಇನ್ನು ನಾಡಿಗೆಲ್ಲ ಅವರದೇ ಪೂಜೆ. ದಿನಾ ಬೆಳಿಗ್ಗೆ ಮೊದಲ ಮಂಗಳಾರತಿ ಎತ್ತುವವರು ತಾವು."

"ಒಳ್ಳೆಯ ಅಪ್ಪಣೆ," ಎಂದಳು ರಾಣಿ.

"ಬೇಡ, ಬೇಡ! ಅಪ್ಪಣೆ ರದ್ದು! ಮೂರೂ ಬಾಗಿಲು ತೆರೆದೇ ಇರಲಿ!"

ಪಾದ್ರಿ, ಮೌಲವಿ, ಉಡುಪರು ಮೂವರೂ ಒಟ್ಟಿಗೇ ಉಸಿರು ಬಿಟ್ಟರು. ಅರಸ ಹೆದರಿ ಹೆದರಿ ಕಿಟಕಿಯಲ್ಲಿ ಇಣುಕಿದ. ಅಂಗಳದಲ್ಲಿ ಒಂದು ಕೋಳಿ ಬಿಟ್ಟರೆ ಯಾರೂ ಇಲ್ಲ. ಮೊದಲು ಹಲ್ಲು ಕಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕೊರಳಿನ ಸರ ತೆಗೆದು, "ಮಗಳಿಗೆ ಹಾಕು," ಎಂದು ಲಾದ್ರುವಿನ ಕೈಗಿಟ್ಟ.

"ಅತ್ತೆಯವರು ಬಂದೇ ಇಲ್ಲವಲ್ಲೋ ಕಳ್ಳ!"

"ಇಲ್ಲ ಪ್ರಭು," ಎಂದ ಲಾದ್ರು. "ಇನ್ನೊಮ್ಮೆ ಬೀಗದ ಮಾತೆತ್ತಿ ನೋಡಿ, ಕರೆಸುತ್ತೇನೆ."