ದಪ್ಪ ಕತ್ತಿನ ತೋಟಾ

“ಗುರುಗಳೇ, ನಿಮಗೂ ನನಗೂ ನಡುವೆ ಕೂದಲೆಳೆಯಷ್ಟೂ ಅಂತರ ಉಳಿಯಬಾರದು. ಅದಕ್ಕೆ ನಾನು ಇನ್ನೇನು ಮಾಡಬೇಕು?” ಎಂದು ಚನ್ನವೀರ ಕೇಳಿದ.

ಚನ್ನವೀರನ ಓದು ಮುಗಿದು ವರ್ಷಗಳೇ ಕಳೆದಿದ್ದವು. ಆದರೂ ಅವನು ಮಠ ಬಿಟ್ಟಿರಲಿಲ್ಲ. ಗುರುಗಳು ಕೆಮ್ಮಿದರೆ ತಾನೂ ಕೆಮ್ಮುತ್ತಿದ್ದ. ಅವರು ನಡೆಯುತ್ತಾ ತಟ್ಟನೆ ನಿಂತರೆ ಅವರ ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದ. ನಮ್ಮ ಮಕ್ಕಳಿಗೆ ಪಾಠ ಹೇಳಿಕೊಡು ಬಾ ಎಂದು ಪಕ್ಕದ ಊರಿನವರು ಕರೆಯಲು ಬಂದರೆ, ಗುರುಸೇವೆ ತಪ್ಪುತ್ತದೆ ಎಂದು ವಾಪಸು ಕಳಿಸಿದ್ದ. ಇದೇ ಭಕ್ತಿ ಎಂದು ಪಾಪ, ಮನಸಾರೆ ನಂಬಿದ್ದ.

ಗುರುಗಳು ಒಂದು ಕತೆ ಹೇಳಿದರು.

ಕೊಡಗಿನಲ್ಲಿ ಒಬ್ಬ ಬೆಳೆಗಾರನಿದ್ದ. ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯದಲ್ಲಿ ಪ್ರತಿ ಸಲವೂ ಅವನ ಹೆಂಡತಿಯ ಅಣ್ಣನೇ ಗೆಲ್ಲುತ್ತಿದ್ದ. ಸೋತದ್ದಕ್ಕಿಂತ, ಸೋತ ದಿನವೇ ಆ ಭಾವನ ಮನೆಯಲ್ಲಿ ಊಟಕ್ಕೆ ಕೂರಬೇಕಾಗುತ್ತಿದ್ದುದು ಬೆಳೆಗಾರನನ್ನು ಕೊರೆಯುತ್ತಿತ್ತು. ಈ ಸಲ ಗೆಲ್ಲಲೇಬೇಕೆಂದು ಅಂಗಡಿಯ ತೋಟಾ ಬಿಟ್ಟು, ಹಿತ್ತಾಳೆಯ ಖಾಲಿ ತೋಟಾಗಳಿಗೆ ಮನೆಯಲ್ಲಿ ತಾನೇ ಮದ್ದು ತುಂಬಿ, ಅವುಗಳ ಕತ್ತಿನಲ್ಲಿ ಗುಂಡು ಕೂರಿಸತೊಡಗಿದ.

ಭಾವ ಒಳ್ಳೆಯವನು. ಒಂದು ಪರೀಕ್ಷೆ ಹೇಳಿಕೊಟ್ಟ. ಹೊಡೆದು ಖಾಲಿಯಾದ ತೋಟಾದ ಬಾಯಿಗೆ ಹೊಸ ಗುಂಡೊಂದನ್ನು ಬಿಡಬೇಕು. ಅದು ತಾನಾಗಿ ಒಳಗೆ ಜಾರಿದರೆ, ಕೋವಿಯೊಳಗೆ ತೋಟಾ ಕೂರುವ ಗೂಡಿನಲ್ಲಿ ಅದರ ಕತ್ತಿನ ಸುತ್ತ ಜಾಗವಿದೆ ಎಂದರ್ಥ. ಜಾರದಿದ್ದರೆ ಕತ್ತಿನ ಹಿತ್ತಾಳೆ ದಪ್ಪವಾಯಿತು ಎಂದರ್ಥ. ಅಂಥ ತೋಟಾ ಹೊಡೆಯಬಾರದು.

ಬೆಳೆಗಾರ ಪರೀಕ್ಷೆ ಮಾಡಿದ. ಗುಂಡು ಸಲೀಸಾಗಿ ಜಾರಿತು. ಸಂತೆಯಲ್ಲಿ ಸೊಂಟದ ಪಂಚೆ ಜಾರಿದಷ್ಟು ನಾಚಿಕೆಯಾಯಿತು ಅವನಿಗೆ. ಇಷ್ಟು ಸಡಿಲವಿದ್ದರೆ ಗುರಿ ಹೇಗೆ ಕೂತೀತು, ತನ್ನನ್ನು ಸೋಲಿಸಲೆಂದೇ ಭಾವ ತಲೆಕೆಳಗಾದ ಪಾಠ ಹೇಳಿದ್ದಾನೆ ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಹುಡುಕಿ ಹುಡುಕಿ ದಪ್ಪ ಕತ್ತಿನ ತೋಟಾಗಳನ್ನೇ ತಂದ.

ಅವು ಗೂಡಿನೊಳಗೆ ಹೋಗಲೊಲ್ಲವು. ಗೂಡು ಮುಚ್ಚುವ ಬೋಲ್ಟನ್ನು ಅಂಗೈಯಿಂದ ಗುದ್ದಿ ಗುದ್ದಿ ಒಂದನ್ನು ಸೇರಿಸಿ, ತೋಟದ ಮಣ್ಣಿನ ದಿಬ್ಬಕ್ಕೆ ಹೊಡೆದು ನೋಡಿದ. ಕೋವಿ ಕತ್ತೆಯ ಹಾಗೆ ಹೆಗಲಿಗೆ ಒದ್ದಿತು. ಬೋಲ್ಟು ಕಚ್ಚಿಕೊಂಡಿತು. ಹೆಂಡತಿ ಒನಕೆ ತಂದು ತಟ್ಟಿದ ಮೇಲೆ ಬಿಟ್ಟಿತು. ಖಾಲಿ ತೋಟಾದ ಬಾಯಿಗೆ ಹೊಸ ಗುಂಡು ಇಳಿಯಲೇ ಇಲ್ಲ. ಗಾಳಿಗೂ ಜಾಗವಿಲ್ಲ ನೋಡು ಎಂದು ಬೆಳೆಗಾರ ಕುಣಿದಾಡಿದ. ಕಣ್ಣು ಕಳೆದುಕೊಂಡು ತೆಂಗಿನಕಾಯಿ ಗೆದ್ದು ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. ಅವನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪಂದ್ಯದ ದಿನ ಊರೆಲ್ಲ ನೋಡುತ್ತಿತ್ತು. ಬೆಳೆಗಾರ ಗುದ್ದಿ ತೋಟಾ ಸೇರಿಸಿದ, ಗುರಿಯಿಟ್ಟ, ಕೋವಿಯ ಕುದುರೆ ಎಳೆದ. ಬೆಂಕಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನುಗ್ಗಿತು. ಕೋವಿಯ ಮರದ ಹಿಡಿ ಸೀಳಿತು. ಎರಡು ಹುಬ್ಬೂ ಅರ್ಧ ಮೀಸೆಯೂ ಸುಟ್ಟು, ಅವನು ನೆಲದ ಮೇಲೆ ಕೂತಿದ್ದ. ತೆಂಗಿನಕಾಯಿ ಇದ್ದಲ್ಲೇ ಇತ್ತು.

ಭಾವ ಓಡಿ ಬಂದ. ಮೊದಲು ಇವನ ಕಣ್ಣು ನೋಡಿದ. ದೇವರ ದಯೆ, ಎರಡೂ ಉಳಿದಿದ್ದವು.

“ಭಾವ, ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲ. ಎಲ್ಲಿ ತಪ್ಪಿದೆ?” ಎಂದು ಬೆಳೆಗಾರ ಕೇಳಿದ.

“ಅಲ್ಲೇ ತಪ್ಪಿದೆ ಮಾರಾಯ. ಕತ್ತು ಚೂರು ಹಿಗ್ಗಿದರೆ ತಾನೇ ಗುಂಡನ್ನು ಬಿಡುವುದು? ಹಿಗ್ಗಲು ಜಾಗ ಕೊಡದಿದ್ದರೆ ಮದ್ದಿನ ಸಿಟ್ಟೆಲ್ಲ ಹಿಡಿದವನ ಮುಖಕ್ಕೇ ಬರುತ್ತದೆ.”

ಕತೆ ಮುಗಿಯಿತು. ಚನ್ನವೀರನಿಗೆ ತುಂಬ ಹಿಡಿಸಿತು. ಅರ್ಥವಾಯಿತು ಗುರುಗಳೇ, ಇನ್ನು ಮೇಲೆ ಒಂದು ಮೊಳ ದೂರ ಕೂರುತ್ತೇನೆ ಎಂದು ಚಾಪೆಯನ್ನು ಆಚೆಗೆ ಸರಿಸಿಕೊಂಡ.

ಗುರುಗಳು ಹೇಳಿದರು: “ತೋಟಾ ಇರುವುದೇ ಗುಂಡು ಹೊರಡಲಿ ಎಂದು, ನೀನು ಯಾವಾಗ ಹೊರಡುತ್ತೀಯಪ್ಪ?”