ಮೂರು ಮನೆಯ ಡೇಸಿ ಬೇಲಿಯ ಬದಿಗೆ ಬಂದದ್ದು

ಜಗತ್ತಿನ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಯೋಚಿಸುತ್ತಿದ್ದವು. ಗಾಳಿಗೆ ಮಾತ್ರ ಎಲ್ಲವೂ ಗೊತ್ತಿತ್ತು. ಹಾಗಂತ ಗಾಳಿಯೇ ಹೇಳುತ್ತಿತ್ತು.

ಆಗ ಡೇಸಿ ಹೂಗಳಲ್ಲಿ ಮೂರು ಮನೆತನ. ಹೊಲದ ಡೇಸಿ ಗಿಡ್ಡ, ಆದರೆ ಮೈತುಂಬ ಹೂ. ಗುಡ್ಡದ ಡೇಸಿ ಎತ್ತರ. ಕಡಲಂಚಿನ ಡೇಸಿ ಅಚ್ಚ ಬಿಳುಪು. ಮೂರು ಮನೆಗಳಿಗೂ ಹೋಗಿ ಬರುತ್ತಿದ್ದವಳು ಜೇನವ್ವ. ಪರಾಗ ಒಯ್ಯುವುದು ಅವಳ ಕೆಲಸ. ಯಾರದನ್ನು ಯಾರಿಗೆ ಒಯ್ದೆನೆಂದು ನೆನಪಿಡುವುದೂ ಅವಳ ಕೆಲಸವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಹೊಳೆ ಮನಸ್ಸು ಬದಲಿಸಿ ಹೊಸ ದಾರಿ ಹಿಡಿಯಿತು. ದಡದಲ್ಲಿ ಆಗಷ್ಟೇ ಅರಳಿದ್ದ ಎಳೆಯ ಡೇಸಿಯೊಂದು ಬೇರು ಸಮೇತ ಕಿತ್ತುಬಂತು.

"ಬಿಸಿಲೇರುವ ಮೊದಲು ಇದನ್ನು ನೆಡಬೇಕು," ಎಂದಳು ಭೂಮಿಯಜ್ಜಿ. "ಯಾರ ಮನೆಯದೋ ಅವರ ಮಣ್ಣಲ್ಲೇ ನೆಡುವುದು ವಾಡಿಕೆ. ಯಾರದಮ್ಮಾ ಇದು?"

ತೊಟ್ಟಿಲ ಸುತ್ತ ನೆಂಟರು ಸೇರಿದರೆ ಏನಾಗುತ್ತದೋ ಅದೇ ಆಯಿತು.

"ಆ ಬಿಳುಪು ನೋಡಿ, ನಮ್ಮದೇ ಕೂಸು!" ಎಂದಳು ಕಡಲಂಚಿನವಳು.

"ಬಿಳುಪು ಸುಣ್ಣಕ್ಕೂ ಇದೆ ಬಿಡಿ. ಎತ್ತರ ನೋಡಿ, ಥೇಟ್ ನಮ್ಮಪ್ಪ," ಎಂದಳು ಗುಡ್ಡದವಳು.

"ಇಷ್ಟೊಂದು ಮೊಗ್ಗು ನಿಮ್ಮಲ್ಲಿ ಯಾರು ಬಿಟ್ಟಿದ್ದಾರೆ, ಹೇಳಿ ನೋಡೋಣ," ಎಂದಳು ಹೊಲದವಳು.

"ಈ ಗಿಡ ಹರಡಿಕೊಳ್ಳುವ ಜಾತಿ," ಎಂದಿತು ಗಾಳಿ, ಯಾರೂ ಕೇಳದಿದ್ದರೂ. "ಮೊಳದಗಲ ಜಾಗ ಬಿಟ್ಟುಕೊಡಬೇಕಾಗುತ್ತದೆ."

ಮೂವರೂ ತಮ್ಮ ತಮ್ಮ ಮಣ್ಣಿನ ಕಡೆ ಒಮ್ಮೆ ನೋಡಿಕೊಂಡರು.

"ಹಾಗೆ ನೋಡಿದರೆ ಬಿಳುಪು ಸ್ವಲ್ಪ ಕಮ್ಮಿಯೇ," ಎಂದಳು ಕಡಲಂಚಿನವಳು. ಎತ್ತರ ಸಾಲದೆಂದು ಗುಡ್ಡದವಳಿಗೆ ಕಂಡಿತು. ಹೊಲದವಳು ಮೊಗ್ಗುಗಳನ್ನು ಮತ್ತೆ ನೋಡಲೇ ಇಲ್ಲ.

"ಜೇನವ್ವನನ್ನೇ ಕೇಳಿ. ಪರಾಗ ತಂದವಳು ಅವಳು ತಾನೇ?" ಎಂದರು ಮೂವರೂ.

ಜೇನವ್ವ ಹೂವಿನ ಹಳದಿ ನಡುವಿಗೆ ಇಳಿದು ಸುತ್ತತೊಡಗಿದಳು. ಒಂದು ಸುತ್ತಿಗೆ ಅದು ಹೊಲದವಳಂತೆ ಕಂಡಿತು, ಇನ್ನೊಂದಕ್ಕೆ ಗುಡ್ಡದವಳಂತೆ. ಮೂರನೆಯ ಸುತ್ತಿಗೆ ತಲೆ ತಿರುಗಿತು. ಪರಾಗ ಒಯ್ದ ದಿನ ಗಾಳಿ ಬೀಸುತ್ತಿತ್ತು, ಅವಳಿಗೆ ಅವಸರವಿತ್ತು, ಕಾಲಿಗೆ ಏನೇನು ಮೆತ್ತಿತ್ತೋ ದೇವರೇ ಬಲ್ಲ.

"ಜೇನತ್ತೆ, ಬಾಯಾರಿಕೆ," ಎಂದಿತು ಹೂ. ಅದರ ಎಲೆಗಳು ಆಗಲೇ ಮುರುಟುತ್ತಿದ್ದವು.

ಜೇನವ್ವ ಯಾವುದಾದರೂ ಒಂದು ಮನೆಯ ಹೆಸರು ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಮನೆಯವರು ಜಗಳಕ್ಕೆ ನಿಲ್ಲುತ್ತಿದ್ದರು, ಅಷ್ಟರಲ್ಲಿ ಹೂ ಒಣಗುತ್ತಿತ್ತು.

"ನನಗೆ ಗೊತ್ತಿಲ್ಲ ಅಜ್ಜಿ," ಎಂದಳು ಜೇನವ್ವ. "ತಪ್ಪು ನನ್ನದು. ಕೂಸನ್ನು ನನಗೇ ಕೊಡಿ."

"ನಿನಗೆಲ್ಲಿದೆ ಮಣ್ಣು?" ಗಾಳಿ ನಕ್ಕಿತು.

"ಮನುಷ್ಯರು ಹೊಸದಾಗಿ ಹಾಕಿದ ಬೇಲಿಯಲ್ಲಿ ನನ್ನ ಗೂಡಿದೆ. ಅದರ ಕೆಳಗಿನ ಮಣ್ಣು ಆ ಕಡೆಯವರದೂ ಅಲ್ಲ, ಈ ಕಡೆಯವರದೂ ಅಲ್ಲ."

"ಹಾಗಾದರೆ ಅದು ನನ್ನದು," ಎಂದಳು ಭೂಮಿಯಜ್ಜಿ. "ನೆಡು."

ಹೂ ಬದುಕಿತು. ತಿಂಗಳುಗಟ್ಟಲೆ ಅರಳಿತು. ಕೊಯ್ದು ನೀರಲ್ಲಿಟ್ಟರೂ ವಾರವೆಲ್ಲ ನಗುತ್ತಿತ್ತು. ಅದಕ್ಕೆ ಊರೆಲ್ಲ ಒಳ್ಳೆಯ ಹೆಸರು ಬಂದ ಮೇಲೆ ಮೂರು ಮನೆಯವರೂ ನೋಡಲು ಬಂದು, ನಮ್ಮದೇ ಹುಡುಗಿ ಎಂದು ಹೇಳಿ ಹೋದರು.

ಅದಕ್ಕೇ ಇಂದಿಗೂ ಬಿಳಿ ಡೇಸಿ ತೋಟದ ಅಂಚಿನಲ್ಲಿ ನಿಲ್ಲುತ್ತದೆ, ಅದರ ಬೀಜ ಬಿತ್ತಿದರೆ ಒಂದು ಸಸಿ ಗಿಡ್ಡ, ಒಂದು ಎತ್ತರ ಬರುತ್ತದೆ, ಮತ್ತು ಅದರ ಹಳದಿ ನಡುವಿನ ಮೇಲೆ ಜೇನೊಂದು ಸುತ್ತುತ್ತಲೇ ಇರುತ್ತದೆ, ಆ ಹೂ ಯಾರನ್ನು ಹೋಲುತ್ತದೆಂದು ಜೇನಿಗಿನ್ನೂ ತಿಳಿದಿಲ್ಲ.