ಕೆರೆನೀರಿಗೆ ಸೊನ್ನೆ

ಒಂದೂರಿನಲ್ಲಿ ನೀರಿನ ಬಗ್ಗಡ ಅಳೆಯುವ ಮೀಟರೊಂದಿತ್ತು. ಅದರ ಪೆಟ್ಟಿಗೆಯಲ್ಲೇ ತಿಳಿನೀರು ತುಂಬಿ ಮೊಹರು ಹಾಕಿದ ಪುಟ್ಟ ಸೀಸೆಯೂ ಇತ್ತು. ಆ ಸೀಸೆಯನ್ನು ಮೊದಲು ಹೊಟ್ಟೆಗಿಳಿಸಿಕೊಂಡು, 'ಸೊನ್ನೆಯೆಂದರೆ ಇದು' ಎಂದು ಒಪ್ಪಿಕೊಂಡ ಮೇಲೆಯೇ ಮೀಟರು ಬೇರೆ ನೀರನ್ನು ಅಳೆಯಬೇಕು. ದಿನಾ ಸೀಸೆಗೆ ತಲೆಬಾಗುವುದು ಮೀಟರಿಗೆ ಅವಮಾನವೆನಿಸಿತ್ತು.

ಇದು ಊರ ಕೆರೆಗೆ ತಿಳಿಯಿತು. "ಎಲ್ಲಿಂದಲೋ ಬಂದ ಸೀಸೆಗೆ ನಮ್ಮೂರ ನೀರಿನ ವಿಚಾರ ಏನು ಗೊತ್ತು, ಸಾಹೇಬರೇ? ನನ್ನನ್ನೇ ಸೊನ್ನೆ ಎಂದಿಟ್ಟುಕೊಳ್ಳಿ," ಎಂದಿತು.

"ಬೇಡ, ಸಾಹೇಬರೇ," ಎಂದಿತು ಸೀಸೆ. "ಅದರಲ್ಲಿ ಈಗ ತಾನೇ ಹನ್ನೆರಡು ಎಮ್ಮೆ ಹೊರಳಾಡಿ ಎದ್ದುಹೋಗಿವೆ."

"ನನ್ನ ಹೆಬ್ಬೆರಳಿನಷ್ಟಿಲ್ಲ, ನನಗೇ ಬುದ್ಧಿ ಹೇಳುತ್ತೀಯಾ?" ಎಂದು ಗದರಿದ ಮೀಟರು, ಕೆರೆನೀರನ್ನೇ ಸೊನ್ನೆ ಎಂದು ಒಪ್ಪಿಕೊಂಡುಬಿಟ್ಟಿತು. ಕೆರೆನೀರು ಪರಿಶುದ್ಧ ಎಂದು ಊರ ಬಾಗಿಲಲ್ಲಿ ಬೋರ್ಡು ನಿಂತಿತು. ಬೋರ್ಡು ನಂಬಿ ಕುಡಿದವರು ವಾರವಿಡೀ ಚೊಂಬು ಹಿಡಿದು ಓಡಾಡಿದರು.

ಕೊನೆಗೆ ಊರವರು ಗುಡ್ಡದ ಒರತೆಯಿಂದ ಒಂದು ಕೊಡ ನೀರು ಹೊತ್ತು ತಂದು, ಇದನ್ನೂ ಅಳೆಯಿರಿ ಎಂದು ಮೀಟರಿನ ಮುಂದಿಟ್ಟರು. ಅಂಕಿ ಸೊನ್ನೆಗಿಂತ ಕೆಳಗಿಳಿಯಿತು. ಮೀಟರು ಮುಖ ಸಿಂಡರಿಸಿತು.

"ಈ ನೀರು ಆಗದು," ಎಂದಿತು. "ಕೆರೆಯಲ್ಲಿರುವುದೇನೋ ಇದರಲ್ಲಿ ಕಡಿಮೆಯಿದೆ."

"ಹೌದು, ಸಾಹೇಬರೇ," ಎಂದಿತು ಪೆಟ್ಟಿಗೆಯೊಳಗಿನ ಸೀಸೆ. "ಹನ್ನೆರಡು ಎಮ್ಮೆ."